ಹಬ್ಬದ ಹಿಂದಿನ ದಿನದ ಪ್ರೀಮಿಯಂ

ಕೇಳುಗರಿಗೆ ನಮಸ್ಕಾರ.

ಆಪ್ಷನ್ ಅಂದರೆ ಒಂದು ಷೇರನ್ನು ಅಥವಾ ಸೂಚ್ಯಂಕವನ್ನು ಮುಂದಿನ ಒಂದು ದಿನ, ಈಗಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು. ಕೊಳ್ಳುವ ಹಕ್ಕು ಕಾಲ್, ಮಾರುವ ಹಕ್ಕು ಪುಟ್, ಆ ಹಕ್ಕಿಗೆ ಕೊಡುವ ಬೆಲೆ ಪ್ರೀಮಿಯಂ. ಆಪ್ಷನ್ ಟ್ರೇಡಿಂಗ್ ಮಾಡುವವರು ಬೆಳಿಗ್ಗೆ ಕೇಳುವ ಮೊದಲ ಪ್ರಶ್ನೆ: ಇವತ್ತು ಮಾರ್ಕೆಟ್ ಮೇಲಾ, ಕೆಳಗಾ? ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಆಪ್ಷನ್ ಇವತ್ತು ದುಬಾರಿಯಾ, ಅಗ್ಗವಾ ಅಂತ ಮೊದಲು ನೋಡಬೇಕು. ಅದಕ್ಕೆ ಇರುವ ಅಳತೆಯೇ ಇಂಪ್ಲೈಡ್ ವೊಲಾಟಿಲಿಟಿ, ಚಿಕ್ಕದಾಗಿ ಐವಿ. ಮುಂದೆ ಬೆಲೆ ಎಷ್ಟು ಏರಿಳಿಯಬಹುದು ಅಂತ ಮಾರುಕಟ್ಟೆ ಹಾಕಿರುವ ಅಂದಾಜು ಅದು. ಯಾವ ಕಡೆಗೆ ಅಂತ ಅದು ಹೇಳುವುದಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರುಕಟ್ಟೆಯಲ್ಲಿ ಕನಕಾಂಬರದ ರೇಟ್ ಕೇಳಿದರೆ ತಲೆ ತಿರುಗುತ್ತದೆ. ಹಬ್ಬ ಮುಗಿದ ಮೇಲೆ ಆ ರೇಟ್ ಉಳಿಯುವುದಿಲ್ಲ. ಕಂಪನಿಯ ತ್ರೈಮಾಸಿಕ ಫಲಿತಾಂಶದ ಹಿಂದಿನ ದಿನ ಆಪ್ಷನ್ ಕಥೆಯೂ ಅಷ್ಟೇ.

ಒಂದು ಲೆಕ್ಕ ನೋಡೋಣ. ಷೇರು 1500 ರೂಪಾಯಿ. ಎಕ್ಸ್‌ಪೈರಿಗೆ, ಅಂದರೆ ಆಪ್ಷನ್ ಅವಧಿ ಮುಗಿಯಲು, ಹತ್ತು ದಿನ. ಐವಿ ವರ್ಷದ ಲೆಕ್ಕದಲ್ಲಿ ಶೇ. 40. ಆಗ 1500 ರೂಪಾಯಿಗೆ ಕೊಳ್ಳುವ ಕಾಲ್‌ಗೆ ಸುಮಾರು 40 ರೂಪಾಯಿ ಕೊಡಬೇಕು. ಫಲಿತಾಂಶ ಚೆನ್ನಾಗಿ ಬಂತು, ಷೇರು 15 ರೂಪಾಯಿ ಏರಿತು ಅಂತಿಟ್ಟುಕೊಳ್ಳಿ. ಆದರೆ ಕುತೂಹಲ ಮುಗಿಯಿತಲ್ಲ, ಐವಿ 24ಕ್ಕೆ ಇಳಿಯಿತು. ಈಗ ಅದೇ ಕಾಲ್‌ನ ಬೆಲೆ ಹತ್ತಿರ ಹತ್ತಿರ 31 ರೂಪಾಯಿ! ದಿಕ್ಕು ಸರಿಯಿತ್ತು, ದುಡ್ಡು ಹೋಯಿತು.

ಹಾಗಾದರೆ ಐವಿ ಜಾಸ್ತಿ ಇದ್ದಾಗಲೆಲ್ಲ ಮಾರಿಬಿಡೋಣ ಅಲ್ವಾ? ಇಲ್ಲೇ ಎಡವುವುದು. 2024ರ ಲೋಕಸಭಾ ಚುನಾವಣೆಯ ಫಲಿತಾಂಶವನ್ನೇ ನೋಡಿ. ಷೇರು ಸೂಚ್ಯಂಕ ನಿಫ್ಟಿಯ ಆಪ್ಷನ್‌ಗಳ ಬೆಲೆಯಿಂದ ಲೆಕ್ಕ ಹಾಕುವ ಇಂಡಿಯಾ ವಿಕ್ಸ್ ಹಿಂದಿನ ದಿನ, ಜೂನ್ 3ರಂದು, ಸುಮಾರು 21 ಇತ್ತು. ವಿಕ್ಸ್ ವರ್ಷದ ಲೆಕ್ಕದ ಸಂಖ್ಯೆ. ಅದನ್ನು 16ರಿಂದ ಭಾಗಿಸಿದರೆ ಒಂದು ದಿನದ ಏರಿಳಿತದ ಅಂದಾಜು ಸಿಗುತ್ತದೆ. 21 ಅಂದರೆ ಶೇ. 1.3. ಜೂನ್ 4ರಂದು ನಿಫ್ಟಿ ಬಿದ್ದದ್ದು 1379 ಅಂಶ, ಶೇ. 5.9! ವಿಕ್ಸ್ ಮುಂದಿನ 30 ದಿನಗಳನ್ನು ಒಟ್ಟಾಗಿ ನೋಡುತ್ತದೆ. ಆ ಒಂದು ದಿನದ ಭಯ ಅದರಲ್ಲಿ ಕರಗಿಹೋಗಿರುತ್ತದೆ. ದುಬಾರಿ ಅಂತ, ರಕ್ಷಣೆಗೆ ಏನೂ ಕೊಳ್ಳದೆ, ಕಾಲ್, ಪುಟ್ ಎರಡನ್ನೂ ಮಾರಿ ಕೂತವರ ಗತಿ ಏನಾಗಿರಬೇಡ.

ಅದಕ್ಕೇ ಐವಿ ಏರಿದಾಗ ನಾನು ಒಪ್ಪುವುದು ಸ್ಪ್ರೆಡ್‌ಗಳನ್ನು ಮಾತ್ರ. ಅಂದರೆ ಒಂದು ಪುಟ್ ಮಾರಿ, ಅದಕ್ಕಿಂತ ಕೆಳಗಿನ ಬೆಲೆಗೆ ಗೊತ್ತುಮಾಡಿದ ಇನ್ನೊಂದು ಪುಟ್ ಕೊಳ್ಳುವುದು. ಕಾಲ್ ಕಡೆಯೂ ಹೀಗೆ, ಮಾರಿದ್ದಕ್ಕಿಂತ ಮೇಲಿನ ಬೆಲೆಯ ಕಾಲ್ ಕೊಂಡು, ಎರಡೂ ಕಡೆ ಮಾಡಿದರೆ ಐರನ್ ಕಾಂಡರ್. ಲಾಭ ಕಡಿಮೆ, ಆದರೆ ನಷ್ಟಕ್ಕೆ ಒಂದು ಮಿತಿ ಇರುತ್ತದೆ. ಐವಿ ತೀರಾ ಇಳಿದಿರುವಾಗ ಕೊಳ್ಳುವ ಕಡೆ ಇರುವುದು ಮೇಲು. ದೊಡ್ಡ ಏರಿಳಿತ ಬರುತ್ತದೆ, ದಿಕ್ಕು ಗೊತ್ತಿಲ್ಲ ಅಂದರೆ ಸ್ಟ್ರಾಡಲ್, ಅಂದರೆ ಒಂದೇ ಬೆಲೆಯ ಕಾಲ್, ಪುಟ್ ಎರಡನ್ನೂ ಕೊಳ್ಳುವುದು. ಆದರೆ ಸುಮ್ನೆ ಅಗ್ಗ ಅಂತ ಕೊಂಡರೆ ದಿನ ಕಳೆದಂತೆ ಪ್ರೀಮಿಯಂ ಕರಗುತ್ತಲೇ ಹೋಗುತ್ತದೆ.

ಜಾಸ್ತಿ, ಕಡಿಮೆ ಅಂತ ಹೇಳುವುದು ಹೇಗೆ? ಆಯಾ ಷೇರಿನ ಹಳೆಯ ಐವಿಯ ಜೊತೆ ಹೋಲಿಸಬೇಕು. ನಿಫ್ಟಿಗೆ 25 ಜಾಸ್ತಿ, ಸಣ್ಣ ಲೋಹದ ಕಂಪನಿಗೆ ಅದೇ ಕಡಿಮೆ ಇರಬಹುದು. ಐವಿ ರ‍್ಯಾಂಕ್‌ಗಿಂತ ಐವಿ ಪರ್ಸೆಂಟೈಲ್ ನನಗೆ ಇಷ್ಟ. ರ‍್ಯಾಂಕ್ ನೋಡುವುದು ಇವತ್ತಿನ ಐವಿ ವರ್ಷದ ಗರಿಷ್ಠ, ಕನಿಷ್ಠಗಳ ನಡುವೆ ಎಲ್ಲಿದೆ ಅಂತ ಮಾತ್ರ. ಜೂನ್ 4ರಂಥ ಒಂದೇ ದಿನ ಸಾಕು, ಮುಂದಿನ ವರ್ಷವಿಡೀ ಎಲ್ಲವೂ ಅಗ್ಗವಾಗಿ ಕಾಣಲು. ಪರ್ಸೆಂಟೈಲ್ ವರ್ಷದಲ್ಲಿ ಎಷ್ಟು ದಿನ ಐವಿ ಇವತ್ತಿಗಿಂತ ಕಡಿಮೆ ಇತ್ತು ಅಂತ ಎಣಿಸುತ್ತದೆ.

ಜೂನ್ 4ರ ಸಂಜೆ ವಿಕ್ಸ್ 26 ದಾಟಿತ್ತು. ಮರುದಿನ ನಿಫ್ಟಿ 735 ಅಂಶ ಜಿಗಿಯಿತು, ವಿಕ್ಸ್ 19ರ ಕೆಳಗೆ ಬಂತು. ಹಿಂದಿನ ಸಂಜೆ ಹೆದರಿ ಪುಟ್ ಕೊಂಡವರಿಗೆ ಎರಡು ಕಡೆಯಿಂದಲೂ ಏಟು. ಪುಟ್ ಸ್ಪ್ರೆಡ್ ಮಾರಿದವರಿಗೆ ಅದೇ ಎರಡು ಕಾರಣದಿಂದ ಲಾಭ.

ನಮಸ್ಕಾರ.