ಫೋನಿನಲ್ಲಿ ಸದ್ದಿಗೆ ದಾರಿ ಹಾಕುವ ಕೆಲಸ

(ದಾವಣಗೆರೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು, ಹೊರಗೆ ದಾವಣಗೆರೆ ಬಿಸಿಲು. ಯಾರಿಗಾದರೂ ತೂಕಡಿಕೆ ಬಂದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಸ್ಲೈಡ್ ಕಡಿಮೆ ಇದೆ, ಸದ್ದು ಜಾಸ್ತಿ ಇದೆ.

ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ರೇಟು ವಿಚಾರಿಸುವವರನ್ನು ನೋಡಿದ್ದೀರಲ್ಲ. ಟೈಪ್ ಮಾಡುತ್ತಾ ಕೂರುವವರು ಕಡಿಮೆ. ವಾಟ್ಸ್ಆ್ಯಪ್‌ನಲ್ಲಿ ಮೈಕ್ ಗುರುತು ಒತ್ತಿ ಹಿಡಿದು, ಮಾತಾಡಿ, ಕಳಿಸಿಬಿಡುತ್ತಾರೆ. ಆ ಕಡೆಯವರು ಅದನ್ನು ಸ್ಪೀಕರ್‌ನಲ್ಲಿ ಹಾಕುತ್ತಾರೆ. ಪಕ್ಕದ ಅಂಗಡಿಯವನಿಗೆ ರೇಟು ಗೊತ್ತಾಗಬಾರದು ಅನಿಸಿದರೆ ಫೋನನ್ನು ಕಿವಿಗೆ ಹಿಡಿಯುತ್ತಾರೆ. ಆ ಕ್ಷಣಕ್ಕೆ ಸದ್ದು ಕೆಳಗಿನ ಸ್ಪೀಕರ್ ಬಿಟ್ಟು ಮೇಲಿನ ಇಯರ್‌ಪೀಸ್‌ಗೆ ಬರುತ್ತದೆ. ಯಾರೂ ಬಟನ್ ಒತ್ತಿಲ್ಲ. ಮುಖ ಹತ್ತಿರ ಬಂದಿದ್ದನ್ನು ಸೆನ್ಸರ್ ಹೇಳಿತು, ಆ್ಯಪ್ ದಾರಿ ಬದಲಿಸಿ ಅಂತ ಕೇಳಿತು, ಒಳಗೆ ಹತ್ತಾರು ಸ್ವಿಚ್‌ಗಳು ತಿರುಗಿದವು.

ನಾನು ಇವತ್ತು ಮಾತಾಡುವುದು ಈ ಸ್ವಿಚ್‌ಗಳ ಬಗ್ಗೆ. ಫೋನಿಂದ ಸದ್ದು ಹೊರಡಿಸುವುದು ಅಂಥ ದೊಡ್ಡ ಕೆಲಸ ಅಲ್ಲ. ಯಾವ ಹೊತ್ತಿಗೆ ಯಾವ ಬಾಯಿಂದ ಹೊರಡಬೇಕೋ ಅಲ್ಲಿಂದಲೇ ಹೊರಡುವ ಹಾಗೆ ಮಾಡುವುದೇ ಕೆಲಸ. ಹೊಸ ಬೋರ್ಡ್‌ಗೆ ಆಂಡ್ರಾಯ್ಡ್ ಕೂರಿಸುವಾಗ ಆಡಿಯೊದವರ ಸಮಯ ಹೋಗುವುದು ಹೆಚ್ಚಾಗಿ ಇದಕ್ಕೇ.

ಬುಡದಿಂದ ಶುರು ಮಾಡೋಣ. ಪ್ರೊಸೆಸರ್‌ಗೆ ಸ್ಪೀಕರನ್ನು ನೇರವಾಗಿ ಜೋಡಿಸಿರುವುದಿಲ್ಲ. ನಡುವೆ ಕೋಡೆಕ್ ಅನ್ನುವ ಚಿಪ್ ಇರುತ್ತದೆ. ಎಂಪಿ3 ಬಿಚ್ಚುವ ಸಾಫ್ಟ್‌ವೇರ್ ಕೋಡೆಕ್ ಬೇರೆ, ಅದನ್ನು ಇಲ್ಲಿ ಮರೆತುಬಿಡಿ. ಈ ಚಿಪ್ ಅಂಕೆಯನ್ನು ವೋಲ್ಟೇಜ್ ಮಾಡುತ್ತದೆ, ಮೈಕಿನ ವೋಲ್ಟೇಜನ್ನು ಅಂಕೆ ಮಾಡುತ್ತದೆ. ಪ್ರೊಸೆಸರ್ ಮತ್ತು ಕೋಡೆಕ್ ನಡುವೆ ಸದ್ದು ಹರಿಯುವುದು ಹೆಚ್ಚಾಗಿ ಐ-ಟು-ಎಸ್ ತಂತಿಗಳಲ್ಲಿ. ಫಿಲಿಪ್ಸ್ ಕಂಪನಿ 1986ರಲ್ಲಿ ತಂದ ಪದ್ಧತಿ ಇದು, ಇನ್ನೂ ಗಟ್ಟಿಯಾಗಿದೆ. ಬಿಟ್ ಕ್ಲಾಕ್ ಒಂದು ತಂತಿ, ಎಡವೋ ಬಲವೋ ಅಂತ ಹೇಳುವುದು ಇನ್ನೊಂದು, ಡೇಟಾ ಮತ್ತೊಂದು. ಚಿಪ್‌ನ ರಿಜಿಸ್ಟರ್‌ಗಳಿಗೆ, ಅಂದರೆ ಸೆಟ್ಟಿಂಗ್ ಇಡುವ ಪುಟ್ಟ ಗೂಡುಗಳಿಗೆ, ಬರೆಯಲು ಬೇರೆಯದೇ ಐ-ಟು-ಸಿ ತಂತಿ ಇರುತ್ತದೆ.

ಲೆಕ್ಕ ಸುಲಭ. ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ), ಒಂದೊಂದಕ್ಕೆ 16 ಬಿಟ್, ಎರಡು ಚಾನೆಲ್. ಗುಣಿಸಿದರೆ 15,36,000. ಅಂದರೆ ಬಿಟ್ ಕ್ಲಾಕ್ 1.536 ಮೆಗಾಹರ್ಟ್ಸ್. ಕೋಡೆಕ್‌ಗೆ ಕೊಡುವ ಮಾಸ್ಟರ್ ಕ್ಲಾಕ್ ಬಹಳ ಕಡೆ 48,000ದ 256 ಪಟ್ಟು, 12.288 ಮೆಗಾಹರ್ಟ್ಸ್. ಈ ಸಂಖ್ಯೆ ಬಾಯಿಪಾಠ ಆಗಲಿ. ಸ್ಕೀಮ್ಯಾಟಿಕ್‌ನಲ್ಲಿ, ಅಂದರೆ ಬೋರ್ಡ್‌ನ ಸರ್ಕ್ಯೂಟ್ ನಕ್ಷೆಯಲ್ಲಿ, 12.288 ಕಂಡರೆ ಇದು ಆಡಿಯೊ ಕ್ಲಾಕ್ ಅಂತ ಕಣ್ಣು ತಾನೇ ಹಿಡಿಯುತ್ತದೆ.

ಈಗ ಒಂದು ವಚನ ಹಾಕುತ್ತೇನೆ, ಕೇಳಿ. ಏನೋ ಸರಿಯಿಲ್ಲ ಅನಿಸಿತಲ್ವಾ? ಹಾಡಿದವರು ಸ್ವಲ್ಪ ಅವಸರದಲ್ಲಿದ್ದಾರೆ, ಗಂಟಲು ಸಣ್ಣದಾಗಿದೆ. ಫೈಲ್ 44,100ರದ್ದು. ಕೋಡೆಕ್ ಕ್ಲಾಕ್ 48,000ಕ್ಕೆ ಓಡುತ್ತಿದೆ. ನಡುವೆ ಯಾರೂ ರೇಟ್ ಬದಲಿಸಿಲ್ಲ. ವೇಗ ಹತ್ತಿರ ಹತ್ತಿರ 9 ಪರ್ಸೆಂಟ್ ಜಾಸ್ತಿ ಆಯಿತು, ಶ್ರುತಿ ಒಂದೂವರೆ ಮನೆ ಏರಿತು. ಬಿಳಿ ಒಂದರಲ್ಲಿ ಹಾಡಿದ್ದು ಕಪ್ಪು ಒಂದನ್ನೂ ದಾಟಿ ನಿಂತಿದೆ. ಸಂಗೀತ ಕಲಿತವರು ಟೀಮಿನಲ್ಲಿ ಇದ್ದರೆ ಆಸಿಲೋಸ್ಕೋಪ್ ತರುವ ಮೊದಲೇ ಈ ತಪ್ಪು ಸಿಗುತ್ತದೆ. ತಮಾಷೆಗೆ ಹೇಳುತ್ತಿಲ್ಲ.

ಕ್ಲಾಕ್ ಯಾರು ಕೊಡಬೇಕು ಅನ್ನುವುದು ಇನ್ನೊಂದು ಜಗಳ. ಪ್ರೊಸೆಸರ್ ಕೊಡಬಹುದು, ಕೋಡೆಕ್ ಕೊಡಬಹುದು. ಇಬ್ಬರೂ "ನೀನು ಕೊಡು" ಅಂತ ಕೂತರೆ ಏನೂ ಆಗುವುದಿಲ್ಲ. ಪ್ಲೇ ಕೊಟ್ಟರೆ ಹತ್ತು ಸೆಕೆಂಡ್ ಸುಮ್ನೆ ಕೂತು, ಆಮೇಲೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬರೆಯುವ ಲಾಗ್‌ನಲ್ಲಿ "ಡಿಎಂಎ ಅಥವಾ ಐಆರ್‌ಕ್ಯೂ ತೊಂದರೆಯೇ?" ಅನ್ನುವ ಪ್ರಶ್ನೆ ಬರುತ್ತದೆ. ಹೊಸಬರು ಆ ಮಾತು ನಂಬಿ, ಮೆಮೊರಿಯಿಂದ ಡೇಟಾ ಸಾಗಿಸುವ ಡಿಎಂಎ ಕೋಡಿನಲ್ಲಿ ಎರಡು ದಿನ ಅಗೆಯುತ್ತಾರೆ. ಮೊದಲು ಪ್ರೋಬ್ ಹಿಡಿದು ಬಿಟ್ ಕ್ಲಾಕ್ ಕುಣಿಯುತ್ತಿದೆಯಾ ನೋಡಿ.

ಈಗ ಕರ್ನಲ್. ಲಿನಕ್ಸ್‌ನಲ್ಲಿ ಸದ್ದಿನ ವ್ಯವಸ್ಥೆಗೆ ಆಲ್ಸಾ ಅನ್ನುತ್ತಾರೆ. ಫೋನ್‌ನಂಥ ಚಿಕ್ಕ ಸಾಧನಗಳಿಗೆ ಅದರ ಮೇಲೆ ಕಟ್ಟಿದ ಎಎಸ್ಒಸಿ 2007ರಲ್ಲಿ ಮುಖ್ಯ ಕರ್ನಲ್‌ಗೆ ಸೇರಿತು. ಅದು ಬಂದ ಮೇಲೆ ಡ್ರೈವರ್ ಮೂರು ತುಂಡಾಯಿತು. ಕೋಡೆಕ್ ಚಿಪ್‌ಗೆ ಒಂದು, ಪ್ರೊಸೆಸರ್ ಕಡೆಗೆ ಒಂದು, ಈ ಬೋರ್ಡ್‌ನಲ್ಲಿ ಇವೆರಡನ್ನು ಹೇಗೆ ಜೋಡಿಸಿದ್ದಾರೆ ಅಂತ ಹೇಳುವ ಮಷೀನ್ ಡ್ರೈವರ್ ಒಂದು. ಮೊದಲೆರಡನ್ನು ಹೆಚ್ಚಾಗಿ ಚಿಪ್ ಕಂಪನಿಯವರೇ ಬರೆದಿರುತ್ತಾರೆ. ನಿಮ್ಮ ಪಾಲಿಗೆ ಬರುವುದು ಮೂರನೆಯದು. ಈಗ ಅದೂ ಬಹುಪಾಲು ಡಿವೈಸ್ ಟ್ರೀ, ಅಂದರೆ ಬೋರ್ಡ್‌ನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳುವ ಫೈಲ್‌ನಲ್ಲಿ ಬರೆಯುವ ಸಾಲುಗಳೇ ಆಗಿವೆ.

ಈ ಎಎಸ್ಒಸಿಯ ಒಳಗೆ ನನಗೆ ಬಹಳ ಇಷ್ಟವಾದ ಒಂದು ಭಾಗ ಇದೆ, ಡಿಎಪಿಎಂ. ಬ್ಯಾಟರಿ ಉಳಿಸಲು ಮಾಡಿದ್ದು. ಚಿಪ್‌ನೊಳಗಿನ ಪ್ರತಿ ಆಂಪ್ಲಿಫೈಯರ್, ಮಿಕ್ಸರ್, ಸ್ವಿಚ್ ಅದರ ನಕ್ಷೆಯಲ್ಲಿ ಒಂದೊಂದು ಚುಕ್ಕೆ. ಒಂದು ತುದಿಯಲ್ಲಿ ಸದ್ದು ಹುಟ್ಟಿ ಇನ್ನೊಂದು ತುದಿಯಲ್ಲಿ ಸ್ಪೀಕರ್ ಇದ್ದು, ನಡುವೆ ದಾರಿ ಪೂರ್ತಿ ಇದ್ದರೆ ಮಾತ್ರ ಆ ದಾರಿಯ ಚುಕ್ಕೆಗಳಿಗೆ ಕರೆಂಟು ಬಿಡುತ್ತದೆ. ಒಂದೇ ಒಂದು ಕೊಂಡಿ ತಪ್ಪಿದ್ದರೂ ಇಲ್ಲ. ಯಾವುದನ್ನು ಮೊದಲು ಆನ್ ಮಾಡಬೇಕು ಅನ್ನುವುದನ್ನೂ ಅದೇ ನೋಡಿಕೊಳ್ಳುತ್ತದೆ. ಆ ಕ್ರಮ ತಪ್ಪಿದರೆ ಹಾಡು ಶುರುವಾಗುವಾಗ "ಟಪ್" ಅಂತ ಸದ್ದು ಬರುವುದು ಕೇಳಿರುತ್ತೀರಿ.

ತೊಂದರೆ ಏನಂದರೆ, ಕೊಂಡಿ ತಪ್ಪಿದಾಗ ಡಿಎಪಿಎಂ ಬಾಯಿ ಬಿಡುವುದಿಲ್ಲ. ಫೈಲ್ ಓಡುತ್ತದೆ, ಸಮಯ ಮುಂದೆ ಹೋಗುತ್ತದೆ, ಎರರ್ ಇಲ್ಲ, ಸದ್ದೂ ಇಲ್ಲ. ನನ್ನ ಪ್ರಕಾರ ಆಡಿಯೊ ಕೆಲಸದಲ್ಲಿ ತಲೆ ತಿನ್ನುವುದು ಈ ಮೌನದ ತಪ್ಪುಗಳೇ. ಕೆಂಪು ಅಕ್ಷರದ ಎರರ್ ಬಂದರೆ ಪುಣ್ಯ ಅಂದುಕೊಳ್ಳಿ.

ಪರದೆ ಮೇಲೆ ನೋಡಿ. ಇದು ಸ್ನ್ಯಾಪ್‌ಡ್ರಾಗನ್ 410 ಇರುವ ಹಳೆಯ ಫೋನ್. ಟೈನಿಮಿಕ್ಸ್ ಅಂತ ಹೊಡೆದರೆ ಚಿಪ್‌ನೊಳಗಿನ ಸ್ವಿಚ್‌ಗಳ ಪಟ್ಟಿ ಬರುತ್ತದೆ. ಹೆಡ್‌ಫೋನಿಗೆ ಸದ್ದು ಹೋಗಬೇಕು. ಆರ್‌ಎಕ್ಸ್1 ಮಿಕ್ಸ್1 ಐಎನ್‌ಪಿ1 ಅನ್ನುವುದು ಈಗ ಝೀರೋದಲ್ಲಿದೆ, ಅದನ್ನು ಆರ್‌ಎಕ್ಸ್1 ಮಾಡಿದೆ. ಬಲಗಡೆಗೂ ಹಾಗೇ, ಆರ್‌ಎಕ್ಸ್2. ಆರ್‌ಡ್ಯಾಕ್2 ಮಕ್ಸ್‌ಗೆ ಆರ್‌ಎಕ್ಸ್2. ಕೊನೆಗೆ ಎಚ್‌ಪಿಎಚ್‌ಎಲ್, ಎಚ್‌ಪಿಎಚ್‌ಆರ್ ಎರಡನ್ನೂ ಝೀರೋದಿಂದ "ಸ್ವಿಚ್" ಅನ್ನುವ ಆಯ್ಕೆಗೆ ತಂದೆ. ಫೈಲ್ ನುಡಿಸುವ ಟೈನಿಪ್ಲೇ ಕೊಟ್ಟೆ. ಸದ್ದು ಬಂತು. ಈಗ ಎಚ್‌ಪಿಎಚ್‌ಎಲ್ ಮಾತ್ರ ಝೀರೋ ಮಾಡುತ್ತೇನೆ. ಎಡಗಿವಿ ಹೋಯಿತು.

ಆಂಡ್ರಾಯ್ಡ್ ಹೆಡ್‌ಫೋನಿಗೆ ಬದಲಿಸುವಾಗ ಮಾಡುವುದು ನನ್ನ ಕೈ ಈಗ ಮಾಡಿದ್ದನ್ನೇ. ಈ ಸಾಲುಗಳನ್ನು ಮಿಕ್ಸರ್ ಪಾತ್ಸ್ ಅನ್ನುವ ಎಕ್ಸ್‌ಎಂಎಲ್ ಫೈಲ್‌ನಲ್ಲಿ "ಹೆಡ್‌ಫೋನ್ಸ್" ಅಂತ ಹೆಸರಿಟ್ಟು ಬರೆದಿಟ್ಟಿರುತ್ತಾರೆ. ಹಾಗಾಗಿ ಕ್ರಮ ಹೀಗಿರಲಿ. ಮೊದಲು ಕೈಯಲ್ಲಿ ಸ್ವಿಚ್ ತಿರುಗಿಸಿ ಸದ್ದು ಬರಿಸಿ. ಟೈನಿಕ್ಯಾಪ್‌ನಿಂದ ಮೈಕ್ ರೆಕಾರ್ಡ್ ಮಾಡಿ ಕೇಳಿ. ಎರಡೂ ಆದ ಮೇಲೆ ಆಂಡ್ರಾಯ್ಡ್ ಮುಟ್ಟಿ. ಕೆಳಗೆ ಸದ್ದು ಬರದೆ ಇರುವಾಗ ಮೇಲಿನಿಂದ ಹುಡುಕುತ್ತಾ ಕೂತವರು ಯಾರೂ ಬೇಗ ಮನೆಗೆ ಹೋಗಿಲ್ಲ.

ಮೇಲಿನ ಪದರಗಳನ್ನು ಬೇಗ ಹೇಳಿಬಿಡುತ್ತೇನೆ. ದುಗ್ಗಮ್ಮನ ಜಾತ್ರೆಯಲ್ಲಿ ಮೈಕ್ ಸೆಟ್‌ನವರ ಪೆಂಡಾಲ್ ಇರುತ್ತದಲ್ಲ, ಆಂಡ್ರಾಯ್ಡ್ ಒಳಗೂ ಅಂಥದೇ ಏರ್ಪಾಡು. ಮಿಕ್ಸರ್ ಮುಂದೆ ಕೂತು ಭಜನೆಯನ್ನೂ ಅನೌನ್ಸ್‌ಮೆಂಟನ್ನೂ ಸೇರಿಸುವವನು ಆಡಿಯೊ ಫ್ಲಿಂಗರ್. ಈಗ ಭಜನೆ ತಗ್ಗಿಸು, ಕಳೆದುಹೋದ ಮಗುವಿನ ವಿಷಯ ಎಲ್ಲಾ ಹಾರ್ನ್‌ಗೂ ಬಿಡು ಅಂತ ಕಿವಿಯಲ್ಲಿ ಹೇಳುವ ಕಮಿಟಿಯವರು ಆಡಿಯೊ ಪಾಲಿಸಿ. ಹೇಳಿದ ಕಂಬಕ್ಕೆ ವೈರ್ ಎಳೆದು ಸಿಕ್ಕಿಸುವ ಹುಡುಗ ಎಚ್‌ಎಎಲ್, ಅಂದರೆ ಆಂಡ್ರಾಯ್ಡ್‌ಗೂ ಹಾರ್ಡ್‌ವೇರ್‌ಗೂ ನಡುವಿನ ಪದರ. ಹೆಡ್‌ಫೋನ್ ಹಾಕಿದ್ದರೂ ಅಲಾರಂ ಸ್ಪೀಕರ್‌ನಲ್ಲೂ ಬಡಿಯುತ್ತದೆ, ಅದು ಕಮಿಟಿ ತೀರ್ಮಾನ. ಹಾರ್ಡ್‌ವೇರ್ ಬದಲಾದಾಗ ಈ ಪದರಗಳಲ್ಲಿ ನೀವು ಬರೆಯಬೇಕಾದ್ದು ಎಚ್‌ಎಎಲ್ ಮಾತ್ರ, ಜೊತೆಗೆ ಈ ಬೋರ್ಡ್‌ನಲ್ಲಿ ಏನೇನಿದೆ ಅಂತ ಪಾಲಿಸಿಗೆ ಹೇಳುವ ಇನ್ನೊಂದು ಎಕ್ಸ್‌ಎಂಎಲ್. 2017ರಲ್ಲಿ ಆಂಡ್ರಾಯ್ಡ್ 8 ಜೊತೆ ಪ್ರಾಜೆಕ್ಟ್ ಟ್ರೆಬಲ್ ಅನ್ನುವ ಹೊಸ ಏರ್ಪಾಡು ಬಂದ ಮೇಲೆ ಈ ಗಡಿ ಗಟ್ಟಿಯಾಯಿತು. ಎಚ್‌ಎಎಲ್ ವೆಂಡರ್ ಪಾರ್ಟಿಷನ್ ಅನ್ನುವ ಬೇರೆ ಜಾಗದಲ್ಲಿ ಉಳಿಯುತ್ತದೆ, ಮೇಲಿನ ಆಂಡ್ರಾಯ್ಡ್ ಬದಲಾದರೂ ಅದು ನಡೆಯಬೇಕು.

ಬಫರ್, ಅಂದರೆ ಸದ್ದನ್ನು ಸ್ವಲ್ಪ ಸ್ವಲ್ಪ ತುಂಬಿಟ್ಟುಕೊಳ್ಳುವ ಜಾಗ, ಅದರ ಬಗ್ಗೆ ಒಂದೇ ಮಾತು. 48,000 ರೇಟ್‌ನಲ್ಲಿ 960 ಫ್ರೇಮ್ ಅಂದರೆ 20 ಮಿಲಿಸೆಕೆಂಡ್, 240 ಅಂದರೆ 5. ಚಿಕ್ಕದು ಮಾಡಿದರೆ ತಬಲಾ ಆ್ಯಪ್‌ನಲ್ಲಿ ಬೆರಳು ಬಿದ್ದ ಕೂಡಲೇ ಸದ್ದು ಬರುತ್ತದೆ. ತೀರಾ ಚಿಕ್ಕದು ಮಾಡಿದರೆ ತುಂಬುವಷ್ಟರಲ್ಲಿ ಖಾಲಿಯಾಗಿ ಕಟಕಟ ಅನ್ನುತ್ತದೆ.

ಈಗ ಹೆಡ್‌ಫೋನ್ ಜಾಕ್. ಹೊಸ ಫೋನ್‌ಗಳಲ್ಲಿ ಮಾಯವಾಗುತ್ತಿದೆ, ಆದರೆ ಕಲಿಯುವವರಿಗೆ ಅದರಷ್ಟು ಒಳ್ಳೆಯ ಪಾಠ ಇಲ್ಲ. ಪಿನ್ ಮೇಲೆ ನಾಲ್ಕು ಭಾಗ. ತುದಿ ಎಡ, ನಂತರ ಬಲ. ಉಳಿದ ಎರಡರಲ್ಲಿ ಗ್ರೌಂಡ್ ಯಾವುದು, ಮೈಕ್ ಯಾವುದು ಅನ್ನುವುದಕ್ಕೆ ಎರಡು ಪಂಗಡ. ಸಿಟಿಐಎಯಲ್ಲಿ ಮೈಕ್ ಕೊನೆಗೆ, ಒಎಂಟಿಪಿಯಲ್ಲಿ ಗ್ರೌಂಡ್ ಕೊನೆಗೆ. ಮಂಡಿಪೇಟೆಯಲ್ಲಿ ತಂದ ಅಗ್ಗದ ಹೆಡ್‌ಸೆಟ್ ಹಾಕಿದಾಗ ವಾದ್ಯ ಕೇಳುತ್ತದೆ, ಹಾಡಿದವರ ದನಿ ಮಾತ್ರ ಇಲ್ಲ, ಇದು ಯಾರಿಗಾದರೂ ಆಗಿದೆಯಾ? ಕೈ ಎತ್ತಿದ್ದೀರಿ. ಗ್ರೌಂಡ್ ಸರಿಯಾಗಿ ಸಿಗದೆ ಕಿವಿಗೆ ಎಡ ಮತ್ತು ಬಲದ ವ್ಯತ್ಯಾಸ ಮಾತ್ರ ಕೇಳುತ್ತಿದೆ. ಹಾಡುವ ದನಿಯನ್ನು ಎರಡೂ ಕಡೆ ಸಮ ಹಾಕಿರುತ್ತಾರೆ, ಅದು ವಜಾ ಆಗಿಬಿಡುತ್ತದೆ. ಆ ಹೆಡ್‌ಸೆಟ್‌ನ ಬಟನ್ ಒತ್ತಿ ಹಿಡಿಯಿರಿ, ದನಿ ವಾಪಸ್ ಬರುತ್ತದೆ. ಬಟನ್ ಮೈಕನ್ನೂ ಗ್ರೌಂಡನ್ನೂ ಕೂಡಿಸುತ್ತದೆ, ಅಷ್ಟೇ.

ಬಟನ್‌ಗಳಿಗೂ ಬೇರೆ ತಂತಿ ಇಲ್ಲ. ಮೈಕ್ ತಂತಿಯಲ್ಲೇ ರೆಸಿಸ್ಟರ್ ಇಟ್ಟಿದ್ದಾರೆ. ಆಂಡ್ರಾಯ್ಡ್ ಹೇಳುವ ಪ್ರಕಾರ ಪ್ಲೇ ಬಟನ್ ಸೊನ್ನೆ ಓಮ್, ವಾಲ್ಯೂಮ್ ಏರಿಸಲು 240, ಇಳಿಸಲು 470, ಅಸಿಸ್ಟೆಂಟ್ ಕರೆಯಲು 135. 2.2 ಕಿಲೋಓಮ್ ಮೂಲಕ 2.2 ವೋಲ್ಟ್ ಕೊಟ್ಟರೆ 240 ಓಮ್ ಮೇಲೆ ಸುಮಾರು 0.22 ವೋಲ್ಟ್ ನಿಲ್ಲುತ್ತದೆ, 470ರ ಮೇಲೆ 0.39. ಕೋಡೆಕ್ ಅದನ್ನು ಅಳೆದು ಯಾವ ಬಟನ್ ಅಂತ ಹೇಳುತ್ತದೆ. ಗಡಿ ವೋಲ್ಟೇಜ್ ತಪ್ಪು ಕೊಟ್ಟರೆ ವಾಲ್ಯೂಮ್ ಏರಿಸಲು ಹೋದಾಗ ಹಾಡು ನಿಲ್ಲುತ್ತದೆ. ಪಿಯುಸಿಯಲ್ಲಿ ಓಮ್‌ನ ನಿಯಮ ಯಾಕೆ ಓದಿದೆವು ಅಂತ ಕೇಳುವವರಿಗೆ ಇದೇ ಉತ್ತರ.

ಕಾಲ್ ವಿಷಯಕ್ಕೆ ಬಂದರೆ ಲೆಕ್ಕ ಬೇರೆ. ಹಾಡು ಕೇಳುವಾಗ ಸದ್ದು ಆಂಡ್ರಾಯ್ಡ್ ಮೂಲಕ ಹಾದು ಬರುತ್ತದೆ. ಬಹುತೇಕ ಫೋನ್‌ಗಳಲ್ಲಿ ಸಿಮ್ ಕಾಲ್‌ನ ಮಾತು ಹಾಗೆ ಬರುವುದಿಲ್ಲ. ಮೊಬೈಲ್ ನೆಟ್‌ವರ್ಕ್ ನೋಡಿಕೊಳ್ಳುವ ಮೋಡೆಮ್‌ನಿಂದ, ಸದ್ದಿನ ಲೆಕ್ಕ ಮಾಡುವ ಬೇರೆ ಪ್ರೊಸೆಸರ್ ಆದ ಡಿಎಸ್‌ಪಿಗೆ, ಅಲ್ಲಿಂದ ಕೋಡೆಕ್‌ಗೆ ನೇರ ಹೋಗುತ್ತದೆ. ಆಂಡ್ರಾಯ್ಡ್ ಗೇಟು ತೆಗೆದು ಪಕ್ಕಕ್ಕೆ ನಿಲ್ಲುತ್ತದೆ. ಅದಕ್ಕೇ ಕಸ್ಟಮ್ ರಾಮ್ (ROM), ಅಂದರೆ ಕಂಪನಿ ಕೊಟ್ಟದ್ದಲ್ಲದ ಬೇರೆ ಆಂಡ್ರಾಯ್ಡ್, ಹಾಕಿದ ಫೋನ್‌ಗಳಲ್ಲಿ ಹಾಡು, ವಿಡಿಯೊ ಎಲ್ಲಾ ಸರಿ ಇದ್ದು ಕಾಲ್‌ನಲ್ಲಿ ಮಾತ್ರ ದನಿ ಇಲ್ಲ ಅನ್ನುವ ದೂರು ಅಷ್ಟೊಂದು. ಎಕೊ ಕಳೆಯುವ ಕೆಲಸ, ಎರಡನೇ ಮೈಕಿನಿಂದ ಗದ್ದಲ ತಗ್ಗಿಸುವ ಕೆಲಸ ಕೂಡ ಹೆಚ್ಚಾಗಿ ಆ ಡಿಎಸ್‌ಪಿಯಲ್ಲೇ. ಮೈಕ್ ನಂಬರ್ ಅದಲು ಬದಲಾದರೆ ಅದು ನಿಮ್ಮ ಮಾತನ್ನೇ ಗದ್ದಲ ಅಂದುಕೊಂಡು ಅಳಿಸುತ್ತದೆ. ಲ್ಯಾಬ್‌ನ ಮೌನದಲ್ಲಿ ಇದು ಅಷ್ಟಾಗಿ ಗೊತ್ತಾಗದು. ಸಂಜೆ ಆರಕ್ಕೆ ಗಾಂಧಿ ಸರ್ಕಲ್‌ನಲ್ಲಿ ನಿಂತು ಮನೆಗೆ ಫೋನ್ ಮಾಡಿ ನೋಡಿ.

ಒಂದು ಎಚ್ಚರಿಕೆ. ಟೈನಿಮಿಕ್ಸ್ ಕೈಗೆ ಸಿಕ್ಕಿತು ಅಂತ ಎಲ್ಲಾ ವಾಲ್ಯೂಮ್ ತುದಿಗೆ ಏರಿಸಬೇಡಿ. ಫೋನಿನ ಸ್ಪೀಕರ್‌ನ ಕಾಯಿಲ್ ಕೂದಲಿನಷ್ಟು ಸಣ್ಣ ತಂತಿ. ಬಿಸಿಯಾದಂತೆ ತಾಮ್ರದ ರೆಸಿಸ್ಟೆನ್ಸ್ ಏರುತ್ತದೆ. 25 ಡಿಗ್ರಿಯಲ್ಲಿ 8 ಓಮ್ ಇದ್ದದ್ದು 100 ಡಿಗ್ರಿಗೆ 10.3 ಆಗುತ್ತದೆ. ಸ್ಮಾರ್ಟ್ ಆಂಪ್ ಅನ್ನುವ ಚಿಪ್‌ಗಳು ಕರೆಂಟು, ವೋಲ್ಟೇಜ್ ಅಳೆಯುತ್ತಾ ಇದರಿಂದಲೇ ಬಿಸಿ ಎಷ್ಟು ಅಂತ ಲೆಕ್ಕ ಹಾಕಿ ಸದ್ದು ತಗ್ಗಿಸುತ್ತವೆ. ಆ ಅಳತೆಯ ದಾರಿ ಹಾಕುವ ಮೊದಲೇ ಜೋರಾಗಿ ಹಾಡು ಬಿಟ್ಟರೆ ಸ್ಪೀಕರ್ ಸುಟ್ಟು ಹೋಗುತ್ತದೆ.

ಇದನ್ನೆಲ್ಲಾ ಕಲಿಯಲು ಬೆಂಗಳೂರಿನ ಕೆಲಸದವರೆಗೆ ಕಾಯಬೇಕಾಗಿಲ್ಲ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಒಂದು, ಪಿಸಿಎಂ5102ಎ ಅನ್ನುವ ಆಡಿಯೊ ಚಿಪ್ ಇರುವ ಚಿಕ್ಕ ಬೋರ್ಡ್ ಒಂದು ಸಾಕು. ಆ ಚಿಪ್‌ಗೆ ರಿಜಿಸ್ಟರ್ ಬರೆಯುವ ಕಷ್ಟವೇ ಇಲ್ಲ, ಐ-ಟು-ಎಸ್ ಕೊಟ್ಟರೆ ಹಾಡುತ್ತದೆ. ಅದಾದ ಮೇಲೆ ಡಬ್ಲ್ಯುಎಂ8960 ಕೋಡೆಕ್ ಹಿಡಿಯಿರಿ. ಅದರಲ್ಲಿ ಮೈಕ್‌ಗೆ ದಾರಿ ಇದೆ, ಸ್ಪೀಕರ್‌ಗೆ ದಾರಿ ಇದೆ, ತಲೆ ಕೆಡಿಸುವಷ್ಟು ಸ್ವಿಚ್ ಇವೆ. ಪೂರ್ತಿ ಫೋನ್ ಬೇಕು ಅಂದರೆ ಪೈನ್‌ಫೋನ್ ಅನ್ನುವ ಲಿನಕ್ಸ್ ಫೋನಿನ ಸ್ಕೀಮ್ಯಾಟಿಕ್ ಎಲ್ಲರಿಗೂ ತೆರೆದಿದೆ. ಮೋಡೆಮ್‌ನ ಸದ್ದು ಕೋಡೆಕ್‌ನ ಯಾವ ಕಾಲಿಗೆ ಬಂದು ಸೇರುತ್ತದೆ ಅಂತ ಬೆರಳಿಟ್ಟು ಹುಡುಕಬಹುದು. ಕೋಡ್ ಓದುವುದಕ್ಕಿಂತ ಮೊದಲು ಸ್ಕೀಮ್ಯಾಟಿಕ್ ಓದುವ ಅಭ್ಯಾಸ ಮಾಡಿಕೊಳ್ಳಿ. ಕಂಪ್ಯೂಟರ್ ಸೈನ್ಸ್‌ನವರು ಇಲೆಕ್ಟ್ರಾನಿಕ್ಸ್‌ನವರ ಪಕ್ಕ ಕೂತು ಓದಿ, ಇಬ್ಬರಿಗೂ ಲಾಭ.

ಆ ಟೇಬಲ್ ಮೇಲೆ ಎರಡು ಬೋರ್ಡ್ ಇಟ್ಟಿದ್ದೇನೆ. ಎರಡರಲ್ಲೂ ಅದೇ ಕರ್ನಲ್, ಅದೇ ಹಾಡು. ಒಂದರ ಡಿವೈಸ್ ಟ್ರೀಯಲ್ಲಿ ರೂಟಿಂಗ್‌ನ ಒಂದು ಸಾಲು ಕಿತ್ತಿದ್ದೇನೆ. ಪ್ಲೇ ಕೊಟ್ಟರೆ ಎರರ್ ಇಲ್ಲದೆ ಓಡಿ ಮುಗಿಯುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಕರ್ನಲ್‌ನ ಒಳಗಿನ ಸ್ಥಿತಿಯನ್ನು ಫೈಲ್‌ಗಳ ಹಾಗೆ ತೋರಿಸುವ ಡೀಬಗ್‌ಎಫ್‌ಎಸ್‌ನಲ್ಲಿ ಡಿಎಪಿಎಂನ ಫೋಲ್ಡರ್ ಇದೆ. ಯಾವ ಚುಕ್ಕೆ ಆನ್, ಯಾವುದು ಆಫ್ ಅಂತ ಅಲ್ಲಿ ಕಾಣುತ್ತದೆ. ನಾಲ್ಕು ನಾಲ್ಕು ಜನ ಬನ್ನಿ, ಕಿತ್ತ ಸಾಲು ಯಾವುದು ಹುಡುಕಿ. ಮೊದಲು ಹಿಡಿದ ತಂಡಕ್ಕೆ ಮಂಡಕ್ಕಿ ಮಿರ್ಚಿ ನನ್ನ ಲೆಕ್ಕದಲ್ಲಿ.