ಕೋಡ್ ಮುಟ್ಟುವ ಮುಂಚಿನ ಕೆಲಸ

ಕೇಳುಗರಿಗೆಲ್ಲ ನಮಸ್ಕಾರ.

ಪೈಥಾನ್ ಕಲಿತವರಿಗೆ ಪಾಂಡಾಸ್ ಗೊತ್ತೇ ಇರುತ್ತದೆ. ಸಾಲು, ಕಾಲಂಗಳಲ್ಲಿರುವ ಮಾಹಿತಿಯನ್ನು ಸೋಸೋಕೆ, ಲೆಕ್ಕ ಹಾಕೋಕೆ ಎಲ್ಲರೂ ಬಳಸುವ ಲೈಬ್ರರಿ ಅದು. ವೆಸ್ ಮೆಕಿನ್ನಿ ಎಂಬುವರು 2008ರಲ್ಲಿ ಅಮೆರಿಕದ ಒಂದು ಹಣಕಾಸು ಕಂಪನಿಯಲ್ಲಿದ್ದಾಗ ಅದನ್ನು ಬರೆಯೋಕೆ ಶುರು ಮಾಡಿದರು. ಮರುವರ್ಷ ಅದು ಓಪನ್ ಸೋರ್ಸ್ ಆಯಿತು. ಇವತ್ತು ಯಾರು ಬೇಕಾದರೂ ಅದರ ಕೋಡ್ ಓದಬಹುದು, ತಿದ್ದಿ ಕಳಿಸಲೂಬಹುದು.

ಕಳಿಸುವ ಆಸೆ ಇಟ್ಟುಕೊಂಡ ವಿದ್ಯಾರ್ಥಿಗಳು ತುಂಬಾ ಜನ ಸಿಗುತ್ತಾರೆ. ಅರ್ಧದಲ್ಲೇ ಬಿಡುವವರೂ ಅಷ್ಟೇ ಜನ. ಅವರು ಕೈಬಿಡುವುದು ಕೋಡ್ ಅರ್ಥವಾಗದೆ ಅಲ್ಲ. ತಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನು ಓಡಿಸೋಕೇ ಆಗದೆ. ಹಾಗಾಗಿ ಇವತ್ತು ಬಗ್ ಸರಿಪಡಿಸುವ ಮಾತು ಕಡಿಮೆ, ಅದಕ್ಕೂ ಮುಂಚಿನ ತಯಾರಿಯ ಮಾತು ಜಾಸ್ತಿ.

ಪಾಂಡಾಸ್‌ನ ಮೂಲ ಪ್ರತಿ, ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ಅನ್ನುವ ಜಾಲತಾಣದಲ್ಲಿದೆ. ಅದಕ್ಕೆ ನೇರವಾಗಿ ಬರೆಯುವ ಅನುಮತಿ ನಮಗಿಲ್ಲ. ಮೊದಲು ಫೋರ್ಕ್ ಬಟನ್ ಒತ್ತಿ ನಮ್ಮ ಖಾತೆಯಲ್ಲಿ ಒಂದು ಪ್ರತಿ ಮಾಡಿಕೊಳ್ಳಬೇಕು. ಅದನ್ನು ಲ್ಯಾಪ್‌ಟಾಪಿಗೆ ಕ್ಲೋನ್ ಮಾಡಿಕೊಳ್ಳಬೇಕು, ಅಂದರೆ ಇಳಿಸಿಕೊಳ್ಳಬೇಕು. ಗಿಟ್‌ಹಬ್‌ನಲ್ಲಿರುವ ನಮ್ಮ ಪ್ರತಿಗೆ ಗಿಟ್, ಅಂದರೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ, ತಾನಾಗಿಯೇ ಆರಿಜಿನ್ ಅಂತ ಹೆಸರಿಡುತ್ತದೆ. ಮೂಲ ಪ್ರತಿಯ ವಿಳಾಸವನ್ನು ಅಪ್‌ಸ್ಟ್ರೀಮ್ ಅನ್ನುವ ಹೆಸರಲ್ಲಿ ನಾವೇ ಸೇರಿಸಬೇಕು. ಹೊಸದನ್ನು ತರುವುದು ಅಪ್‌ಸ್ಟ್ರೀಮ್‌ನಿಂದ, ನಮ್ಮದನ್ನು ಕಳಿಸುವುದು ಆರಿಜಿನ್‌ಗೆ. ಈ ದಿಕ್ಕು ತಲೆಯಲ್ಲಿ ಕೂತರೆ ಗಿಟ್‌ನ ಅರ್ಧ ಭಯ ಹೋಗುತ್ತದೆ.

ಇಲ್ಲೇ ಒಂದು ಸಣ್ಣ ಕೊಕ್ಕೆ ಇದೆ. ಪಾಂಡಾಸ್‌ನ ಇಡೀ ಇತಿಹಾಸ ನೂರಾರು ಎಂಬಿ. ಮೊಬೈಲ್ ಡೇಟಾದಲ್ಲಿ ಕೆಲಸ ಮಾಡುವವರು ಡೇಟಾ ಉಳಿಸೋಣ ಅಂತ ಕೊನೆಯ ಕಮಿಟ್ ಅನ್ನು, ಅಂದರೆ ಕೊನೆಯದಾಗಿ ದಾಖಲಾದ ಸ್ಥಿತಿಯನ್ನು ಮಾತ್ರ ಇಳಿಸಿಕೊಳ್ಳುತ್ತಾರೆ. ಆದರೆ ಪಾಂಡಾಸ್ ತನ್ನ ಆವೃತ್ತಿ ಯಾವುದು ಅಂತ ಕಂಡುಕೊಳ್ಳುವುದು ಗಿಟ್‌ನ ಟ್ಯಾಗ್‌ಗಳಿಂದ, ಅಂದರೆ ಪ್ರತಿ ಬಿಡುಗಡೆಗೂ ಅಂಟಿಸಿದ ಆವೃತ್ತಿಯ ಗುರುತುಗಳಿಂದ. ಟ್ಯಾಗ್ ಇಲ್ಲದಿದ್ದರೆ ಸೊನ್ನೆಯಿಂದ ಶುರುವಾಗುವ ಏನೋ ಒಂದು ಆವೃತ್ತಿ ತೋರಿಸುತ್ತದೆ. ಆಮೇಲೆ ಅದನ್ನು ನಂಬಿದ ಬೇರೆ ಲೈಬ್ರರಿಗಳು ತಕರಾರು ತೆಗೆಯುತ್ತವೆ. ಫೋರ್ಕ್ ಮಾಡುವಾಗ ಮೇನ್ ಬ್ರಾಂಚ್, ಅಂದರೆ ಕೋಡಿನ ಮುಖ್ಯ ಕವಲು, ಮಾತ್ರ ನಕಲಾಗಿದ್ದರೂ ಇದೇ ಪಾಡು. ಪರಿಹಾರ ಸುಲಭ: ಒಮ್ಮೆ ಅಪ್‌ಸ್ಟ್ರೀಮ್‌ನಿಂದ ಟ್ಯಾಗ್‌ಗಳನ್ನೂ ತರಿಸಿಕೊಳ್ಳಿ.

ಮುಂದಿನದು ಬಿಲ್ಡ್, ಅಂದರೆ ಮೂಲ ಕೋಡನ್ನು ಕಂಪೈಲ್ ಮಾಡಿ ಓಡುವ ರೂಪಕ್ಕೆ ತರುವುದು. ಜಾಸ್ತಿ ಜನ ಸುಸ್ತಾಗುವುದು ಇಲ್ಲೇ. ಪೈಥಾನ್ ಪ್ಯಾಕೇಜ್ ಇಳಿಸಿ ಹಾಕುವ ಪಿಪ್ ಮೂಲಕ ಹಾಕಿಕೊಂಡರೆ ಸಿಗುವುದು ಮೊದಲೇ ಕಂಪೈಲ್ ಆದ ಪಾಂಡಾಸ್. ಮೂಲ ಕೋಡ್ ಹಾಗಲ್ಲ. ಅದರಲ್ಲಿ ವೇಗಕ್ಕೆಂದು ಸೈಥಾನ್‌ನಲ್ಲಿ, ಅಂದರೆ ಸಿ ಭಾಷೆಗೆ ಬದಲಾಗುವ ಪೈಥಾನ್‌ನಂಥ ಭಾಷೆಯಲ್ಲಿ, ಬರೆದ ಭಾಗಗಳಿವೆ, ಅವಕ್ಕೆ ಸಿ ಕಂಪೈಲರ್ ಬೇಕು. ಉಬುಂಟುವಿನಲ್ಲಿ ಬಿಲ್ಡ್-ಎಸೆನ್ಷಿಯಲ್ ಪ್ಯಾಕೇಜ್ ಸಾಕು. ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋದ ಬಿಲ್ಡ್ ಟೂಲ್ಸ್ ಹಾಕಬೇಕು. ಅದೊಂದೇ ಹಲವು ಜಿಬಿ ತಿನ್ನುತ್ತದೆ, ಕಾಲೇಜಿನ ವೈಫೈ ಇದ್ದಾಗ ಮುಗಿಸಿಕೊಳ್ಳಿ.

ಉಳಿದ ಸಾಮಾನನ್ನೆಲ್ಲ ಪ್ರತ್ಯೇಕ ಎನ್ವಿರಾನ್ಮೆಂಟ್‌ನಲ್ಲೇ, ಅಂದರೆ ಬೇರೆ ಪ್ರಾಜೆಕ್ಟ್‌ಗಳಿಗೆ ತಾಗದ ಪೈಥಾನ್ ಜಾಗದಲ್ಲೇ, ಇಡಿ. ಬೇಕಾದ ಪ್ಯಾಕೇಜ್‌ಗಳ ಪಟ್ಟಿಯಿರುವ ಫೈಲ್ ಪಾಂಡಾಸ್ ಫೋಲ್ಡರಿನಲ್ಲೇ ಇದೆ. ಆಮೇಲೆ ಪಾಂಡಾಸನ್ನು ಎಡಿಟಬಲ್ ರೀತಿಯಲ್ಲಿ, ಅಂದರೆ ಕೋಡ್ ತಿದ್ದಿದ್ದು ತಾನಾಗಿ ಜಾರಿಗೆ ಬರುವ ಹಾಗೆ, ಇನ್‌ಸ್ಟಾಲ್ ಮಾಡಿ. ಮೊದಲ ಸಲ ಹೊತ್ತು ಹಿಡಿಯುತ್ತದೆ, ಕಾಫಿ ಕುಡಿದು ಬನ್ನಿ. ನಂತರ ನೀವು ಸೈಥಾನ್ ಫೈಲ್ ತಿದ್ದಿ ಪಾಂಡಾಸ್ ಇಂಪೋರ್ಟ್ ಮಾಡಿದರೆ ಸಾಕು. ಬದಲಾದ ಭಾಗವನ್ನು ಮಾತ್ರ ಅದೇ ಮತ್ತೆ ಕಂಪೈಲ್ ಮಾಡಿಕೊಳ್ಳುತ್ತದೆ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ತುಂಬಾ ಇಷ್ಟವಾದದ್ದು ಇದೇ.

ಈಗ ಕೋಡ್ ತಿದ್ದಬಹುದಾ? ಇಲ್ಲ, ಇನ್ನೂ ಬೇಡ. ಏನೂ ಮುಟ್ಟದೆ ಮೊದಲು ಟೆಸ್ಟ್ ಓಡಿಸಿ. ಎಲ್ಲ ಟೆಸ್ಟ್ ಓಡಿಸಿದರೆ ಲ್ಯಾಪ್‌ಟಾಪ್ ಬೆವರುತ್ತದೆ. ಒಂದೇ ತರಹದ ಸಾಲುಗಳನ್ನು ತೆಗೆಯುವ ಡ್ರಾಪ್ ಡೂಪ್ಲಿಕೇಟ್ಸ್ ಬಗ್ಗೆ ಕೆಲಸ ಮಾಡುವುದಾದರೆ ಅದರ ಟೆಸ್ಟ್ ಫೈಲ್ ಒಂದನ್ನೇ ಟೆಸ್ಟ್ ಓಡಿಸುವ ಪೈಟೆಸ್ಟ್‌ಗೆ ಕೊಡಿ. ತಿದ್ದುವ ಮುಂಚೆಯೇ ಎಲ್ಲ ಪಾಸ್ ಆಗಿತ್ತು ಅಂತ ಗೊತ್ತಿದ್ದರೆ ಮಾತ್ರ, ಆಮೇಲೆ ಫೇಲ್ ಆದದ್ದು ನಿಮ್ಮಿಂದಲೇ ಅಂತ ಹೇಳೋಕೆ ಆಗುತ್ತದೆ. ಅಲ್ವಾ?

ಇಷ್ಟಾದ ಮೇಲೆ ಗಿಟ್‌ಹಬ್‌ನಲ್ಲಿ ಇಶ್ಯೂ, ಅಂದರೆ ಯಾರೋ ವರದಿ ಮಾಡಿದ ತೊಂದರೆ, ಹುಡುಕಿ. ಯಾರೂ ಕೈಗೆತ್ತಿಕೊಳ್ಳದ ಇಶ್ಯೂ ಸಿಕ್ಕರೆ ನೀವು ಅದರ ಕೆಲಸ ಶುರು ಮಾಡುತ್ತೀರಿ ಅಂತ ಅದರ ಕೆಳಗೆ ಬರೆಯಿರಿ. ಮೇನ್‌ನಲ್ಲಿ ಕೆಲಸ ಮಾಡಬೇಡಿ, ಹೊಸ ಬ್ರಾಂಚ್ ತೆರೆಯಿರಿ. ಬಗ್ ಇದೆ ಅಂತ ತೋರಿಸುವ, ಅಂದರೆ ಈಗ ಫೇಲ್ ಆಗುವ ಟೆಸ್ಟ್ ಮೊದಲು ಬರೆಯಿರಿ. ಆಮೇಲೆ ಅದು ಪಾಸ್ ಆಗುವ ಹಾಗೆ ಕೋಡ್ ತಿದ್ದಿ. ಪ್ರಿ-ಕಮಿಟ್ ಅನ್ನುವ ಪರೀಕ್ಷಿಸುವ ಸಾಧನ ಹಾಕಿಕೊಂಡಿದ್ದರೆ ಸ್ಪೇಸು, ಸಾಲಿನ ಉದ್ದ ಇಂಥ ಚಿಲ್ಲರೆ ತಪ್ಪುಗಳನ್ನು ಕಮಿಟ್ ಮಾಡುವಾಗಲೇ ಹಿಡಿಯುತ್ತದೆ. ಅದಕ್ಕೆಲ್ಲ ನಮ್ಮ ಕೋಡ್ ನೋಡುವ ಪರಿಶೀಲಕರ ಸಮಯ ಹಾಳು ಮಾಡಬಾರದು. ಅವರಲ್ಲಿ ಅನೇಕರು ಬಿಡುವಿನ ಹೊತ್ತಲ್ಲಿ ಈ ಕೆಲಸ ಮಾಡುವವರು.

ಪುಲ್ ರಿಕ್ವೆಸ್ಟ್, ಅಂದರೆ ನಮ್ಮ ಬದಲಾವಣೆಯನ್ನು ಮೂಲಕ್ಕೆ ಸೇರಿಸಿ ಅನ್ನುವ ಕೋರಿಕೆ, ಕಳಿಸಿದ ಮೇಲೆ ಅವರು ಬದಲಾವಣೆ ಕೇಳಿದರೆ ಗಾಬರಿಯಾಗಿ ಹೊಸದೊಂದು ತೆರೆಯಬೇಡಿ. ತಿದ್ದಿದ್ದನ್ನು ಅದೇ ಬ್ರಾಂಚಿಗೆ ಮತ್ತೆ ಕಳಿಸಿ, ಅಂದರೆ ಪುಷ್ ಮಾಡಿ, ಅದೇ ರಿಕ್ವೆಸ್ಟ್ ಹೊಸದಾಗುತ್ತದೆ. ಮೂಲಕ್ಕೆ ಸೇರಿದ ನಂತರ ಆ ಬ್ರಾಂಚ್ ಅಳಿಸಿ, ನಿಮ್ಮ ಮೇನ್‌ಗೆ ಅಪ್‌ಸ್ಟ್ರೀಮ್‌ನ ಹೊಸ ಬದಲಾವಣೆಗಳನ್ನು ತಂದುಕೊಳ್ಳಿ. ಮುಂದಿನ ಇಶ್ಯೂಗೆ ಬೇರೆ ಬ್ರಾಂಚ್.

ನಮಸ್ಕಾರ.