ಸಂತೆಯ ಅಜ್ಜಿಯ ಟೊಮೆಟೊ

ಕೇಳುಗರಿಗೆ ನಮಸ್ಕಾರ. ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಸಾರಿಗೆ ಟೊಮೆಟೊ ಹೆಚ್ಚುತ್ತಿದ್ದೀರಾ? ಆ ಹೆಸರು ಇಂಗ್ಲಿಷಿನದು ಅಂದುಕೊಳ್ಳಬೇಡಿ. ಅದರ ಮೂಲ ಮೆಕ್ಸಿಕೊದ ನಾವಾಟ್ಲ್ ಭಾಷೆ. ಸಪೋಟದ ಹೆಸರೂ ಅಲ್ಲಿಯದೇ. ಮೆಣಸಿನಕಾಯಿಯೂ ಆ ಕಡೆಯಿಂದಲೇ ಬಂತು, ಆದರೆ ಅದಕ್ಕೆ ನಾವು ನಮ್ಮ ಮೆಣಸಿನ ಹೆಸರನ್ನೇ ಇಟ್ಟೆವು.

ನಾವಾಟ್ಲ್ ಅಂದ ಕೂಡಲೇ "ಅದು ಅಜ್ಟೆಕರ ಭಾಷೆ ಆಗಿತ್ತು, ಅಲ್ವಾ?" ಅಂತ ಕೇಳುತ್ತಾರೆ. ಓದಿದವರೇ ಹೀಗೆ ಕೇಳಿದಾಗ ನನಗೆ ಬೇಸರವಾಗುತ್ತದೆ. ಇತ್ತು ಅನ್ನಬೇಡಿ, ಇದೆ ಅನ್ನಿ. ಅಜ್ಟೆಕರು ಹಿಂದೆ ಮೆಕ್ಸಿಕೊದಲ್ಲಿ ರಾಜ್ಯ ಆಳುತ್ತಿದ್ದವರು. 1521ರಲ್ಲಿ ಸ್ಪೇನಿನವರು ಅವರ ರಾಜಧಾನಿ ಹಿಡಿದರು. ರಾಜ್ಯ ಹೋಯಿತು, ಮಾತು ಉಳಿಯಿತು. ಅಲ್ಲಿನ 2020ರ ಜನಗಣತಿಯಲ್ಲಿ ಇದನ್ನು ಆಡುವವರು 16 ಲಕ್ಷಕ್ಕೂ ಜಾಸ್ತಿ.

ಮೆಕ್ಸಿಕೊದ ಪುಯೆಬ್ಲಾ ರಾಜ್ಯದ ಬೆಟ್ಟಸೀಮೆಯಲ್ಲಿ ಕ್ವೆತ್ಸಾಲಾನ್ ಅಂತ ಊರಿದೆ. ಅಲ್ಲಿ ಭಾನುವಾರ ಸಂತೆ. ನಾನು ಹೋದ ದಿನ ಜಿಟಿಜಿಟಿ ಮಳೆ. ಬಿಳಿ ಬಟ್ಟೆ ಉಟ್ಟ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಹಾಳೆಯ ಮೇಲೆ ಟೊಮೆಟೊ ಗುಡ್ಡೆ ಹಾಕಿಕೊಂಡು ಕೂತಿದ್ದರು. ನಾನು ಪುಸ್ತಕದಲ್ಲಿ ಕಲಿತವನು. ಕೆಂಪು ಹಣ್ಣು ತೋರಿಸಿ ಠೀವಿಯಿಂದ "ತೊಮಟ್ಲ್" ಅಂದೆ. ಅಜ್ಜಿ ನಕ್ಕುಬಿಟ್ಟರು. ಕೆಂಪು ಹಣ್ಣು ಎತ್ತಿ ಹಿಡಿದು "ಶಿತೊಮತ್" ಅಂದರು. ಪಕ್ಕದ ಬುಟ್ಟಿಯಿಂದ ಕಾಗದದಂಥ ಪೊರೆ ಹೊದ್ದ ಹಸಿರು ಕಾಯಿ ತೆಗೆದು "ತೊಮತ್" ಅಂದರು. ನಾನು ಹಣ್ಣನ್ನೂ ತಪ್ಪಾಗಿ ಕರೆದಿದ್ದೆ, ಕೊನೆಯ ಸದ್ದನ್ನೂ ತಪ್ಪಾಗಿ ನುಡಿದಿದ್ದೆ. ಆ ಸೀಮೆಯ ಮಾತಿನಲ್ಲಿ ಪದದ ಕೊನೆಗೆ 'ಟ್ಲ್' ಬರುವುದೇ ಇಲ್ಲ. ಭಾಷೆಯ ಹೆಸರೂ ಅಲ್ಲಿ ನಾವತ್. ನಾನು ಸರಿಯಾಗಿ ಹೇಳುವವರೆಗೂ ಅಜ್ಜಿ ತೂಕ ಮಾಡಲಿಲ್ಲ. ನಾಲ್ಕು ಸಲ ಹೇಳಿಸಿದರು! ಸತ್ತ ಭಾಷೆಯಲ್ಲಿ ಯಾರಾದರೂ ಹೀಗೆ ತಿದ್ದುತ್ತಾರಾ?

ವ್ಯಾಕರಣ ಹೇಳಬೇಕಿತ್ತು, ಹೊತ್ತಾಯಿತು. ಒಂದೇ ಒಂದು ಕೇಳಿ. 'ನಾನು ಮಾಂಸ ತಿನ್ನುತ್ತೇನೆ' ಅನ್ನಲು 'ನಿನಕಕ್ವಾ' ಅಂದರೆ ಸಾಕು. ನಾನು, ಮಾಂಸ, ತಿನ್ನು, ಎಲ್ಲ ಒಂದೇ ಪದದಲ್ಲಿ.

ಕಷ್ಟಗಳೂ ಇವೆ. ಶಾಲೆಯಲ್ಲಿ ಮನೆಮಾತು ಆಡಿದ್ದಕ್ಕೆ ಏಟು ತಿಂದವರು ಎಷ್ಟೋ ಜನ. ಮೂಲನಿವಾಸಿಗಳ ಭಾಷೆಗಳೂ ರಾಷ್ಟ್ರಭಾಷೆಗಳೇ ಎಂದು ಕಾನೂನು ಒಪ್ಪಿದ್ದು 2003ರಲ್ಲಿ.

ಅದೇ ಕ್ವೆತ್ಸಾಲಾನಿನಲ್ಲಿ 1994ರಿಂದ ಬಾನುಲಿ ಕೇಂದ್ರವಿದೆ. ನಾವತ್, ಆ ಸೀಮೆಯದೇ ಇನ್ನೊಂದು ಭಾಷೆಯಾದ ತೊತೊನಾಕ್, ಸ್ಪ್ಯಾನಿಷ್, ಮೂರರಲ್ಲೂ ಮಾತಾಡುತ್ತದೆ. ಅಲ್ಲೂ ಅಡುಗೆಮನೆಗಳಲ್ಲಿ ಜನ ರೇಡಿಯೊ ಕೇಳುತ್ತಾ ಟೊಮೆಟೊ ಹೆಚ್ಚುತ್ತಾರೆ. ಇದೆ ಅಂದೆನಲ್ಲ, ಹೀಗೆ ಇದೆ.

ಚಿಲ್ಲರೆ ಕೊಡುವಾಗ ಅಜ್ಜಿ ಅಂದ ಮಾತನ್ನೇ ನಿಮಗೂ ಹೇಳುತ್ತೇನೆ. ತಸೋಹ್ಕಮಾತಿಕ್. ಧನ್ಯವಾದ.